ಕಾಲಡಿಯ ಎರಡನೆಯ ಬ್ರೇಕ್

ವೇದಿಕೆಯ ಮೇಲಿರುವ ಸಭಾಪಾಲಕರೇ, ಸಭೆಯ ಹಿರಿಯರೇ, ಈ ವ್ಯಾನು ಕೊಡಿಸಿದ ಪುಣ್ಯಾತ್ಮರೇ... ಪುಣ್ಯಾತ್ಮರೇ ಎನ್ನಬಾರದು, ಪಾಲಕರು ನೋಡುತ್ತಿದ್ದಾರೆ, ನಮ್ಮಲ್ಲಿ ಪುಣ್ಯದ ಲೆಕ್ಕವಿಲ್ಲ, ಎಲ್ಲವೂ ದೇವರ ಕೃಪೆ. ಬರೀ ಕೃಪೆಯಿಂದ ವ್ಯಾನು ಕೊಡಿಸಿದವರೇ, ಮುಂದಿನ ಸಾಲಿನಲ್ಲಿ ಕೂತು ನನ್ನ ಬಾಯನ್ನೇ ನೋಡುತ್ತಿರುವ ನನ್ನ ಹೆಂಡತಿ, ಅಂದರೆ ನನ್ನ ಮನೆಯವರೇ, ಸಭಿಕರೇ, ಎಲ್ಲರಿಗೂ ಕರ್ತನ ನಾಮದಲ್ಲಿ ವಂದನೆ.

ಇವತ್ತು ಬೆಳಗಿನ ಜಾವ ನನಗೊಂದು ಕೆಟ್ಟ ಕನಸು ಬಿತ್ತು. ಹೊರಗೆ ಇಳಿಜಾರಿನಲ್ಲಿ ರಿಬ್ಬನ್ ಕಟ್ಟಿಸಿಕೊಂಡು ನಿಂತಿದೆಯಲ್ಲ, ಇದೇ ವ್ಯಾನು, ಹೇಳದೆ ಕೇಳದೆ ಕೆಳಗೆ ಹೊರಟಿದೆ. ಒಳಗೆ ಸಂಡೇ ಸ್ಕೂಲಿನ ಮಕ್ಕಳು ಚಪ್ಪಾಳೆ ತಟ್ಟಿ ಹಾಡುತ್ತಿದ್ದಾರೆ. ಸ್ಟಿಯರಿಂಗ್ ಹಿಡಿದ ನನ್ನ ಮನೆಯವರೂ ಹಾಡುತ್ತಿದ್ದಾರೆ. ಪಕ್ಕದ ಸೀಟಿನಲ್ಲಿ ಕೂತ ನಾನು ಕಾಲಿನಿಂದ ಬ್ರೇಕ್ ಹುಡುಕುತ್ತಿದ್ದೇನೆ. ಬರೀ ರಬ್ಬರ್ ಮ್ಯಾಟು. ಕೊನೆಗೆ ಏನೋ ಗಟ್ಟಿಯಾದದ್ದು ಸಿಕ್ಕಿತು. ಸ್ತೋತ್ರ ಎಂದು ಬಲವಾಗಿ ತುಳಿದೆ. ಎಚ್ಚರವಾಗಿ ನೋಡಿದರೆ ಅದು ಪಕ್ಕದಲ್ಲಿ ಮಲಗಿದ್ದ ಇವರ ಮೊಣಕಾಲಾಗಿತ್ತು. ಆದ್ದರಿಂದ ಇವತ್ತು ಇವರು ಸ್ವಲ್ಪ ಕುಂಟುತ್ತ ಬಂದದ್ದನ್ನು ನೋಡಿ ಯಾರೂ ಪ್ರಾರ್ಥನಾ ಗುಂಪಿಗೆ ಮೆಸೇಜು ಹಾಕಬೇಡಿ.

ನನಗೆ ವಹಿಸಿದ ಕೆಲಸ ಚಿಕ್ಕದು. ಎರಡು ಮಾತಾಡಿ, ವ್ಯಾನಿನ ಕೀಯನ್ನು ಹೊಸ ಡ್ರೈವರ್ ಕೈಗೆ ಕೊಡುವುದು. ಹೊಸ ಡ್ರೈವರ್ ನನ್ನ ಮನೆಯವರು. ಕೀ ನನ್ನ ಜೇಬಿನಲ್ಲಿದೆ. ಇದೆ, ಈಗಷ್ಟೇ ಮುಟ್ಟಿ ನೋಡಿದೆ.

ನಾನು ಡ್ರೈವಿಂಗ್ ಸ್ಕೂಲಿನಲ್ಲಿ ಕಲಿಸುವವನು ಎಂಬುದು ನಿಮಗೆ ಗೊತ್ತು. ನಿಮ್ಮಲ್ಲಿ ಅರ್ಧ ಜನ ನನ್ನ ಬೈಗುಳ ತಿಂದವರೇ. ನಮ್ಮ ಕಾರಿನಲ್ಲಿ ಕಲಿಯುವವರ ಕಾಲಿಗೊಂದು ಬ್ರೇಕ್, ಪಕ್ಕದಲ್ಲಿ ಕೂತ ನನ್ನ ಕಾಲಿಗೊಂದು ಬ್ರೇಕ್. ನಾನು ವಿಶ್ವಾಸಿಯಾದ ಹೊಸದರಲ್ಲಿ ಅಂದುಕೊಂಡೆ, ಸುವಾರ್ತೆ ಹೇಳಲು ಇದಕ್ಕಿಂತ ಒಳ್ಳೆಯ ಜಾಗ ಉಂಟೇ? ಬಸ್ಸಿನಲ್ಲಿ ಹೇಳಿದರೆ ಇಳಿದು ಹೋಗುತ್ತಾರೆ, ಮನೆಗೆ ಹೋಗಿ ಹೇಳಿದರೆ ಟೀವಿಯ ಸದ್ದು ಜೋರು ಮಾಡುತ್ತಾರೆ. ಓಡುವ ಕಾರಿನಿಂದ ಎಲ್ಲಿಗೆ ಹೋದಾರು? ಪ್ರತಿ ಪಾಠಕ್ಕೂ ಮೊದಲು ಕಣ್ಣು ಮುಚ್ಚಿ ಜೋರಾಗಿ ಪ್ರಾರ್ಥಿಸುತ್ತಿದ್ದೆ. ಕೂಡುರಸ್ತೆ ಬಂದರೆ ಇನ್ನೊಮ್ಮೆ. ಒಂದು ದಿನ ಮಾಲೀಕರು ಕರೆದರು. ಅವರಿಗೆ ದೇವರು ದಿಂಡರ ಗೊಡವೆಯೇ ಇಲ್ಲ. ಕಾಲೇಜು ಹುಡುಗಿಯೊಬ್ಬಳು ದೂರು ಕೊಟ್ಟಿದ್ದಳಂತೆ. ಯೇಸುವಿನ ವಿಷಯ ಕೇಳುವುದಕ್ಕೆ ಅವಳದೇನೂ ತಕರಾರಿಲ್ಲ, ಸಿಗ್ನಲ್ಲಿನಲ್ಲಿ ಸರ್ ಕಣ್ಣು ಮುಚ್ಚುತ್ತಾರೆ ಎಂಬುದೊಂದೇ ಭಯ. "ನಿಮ್ಮ ದೇವರಿಗೆ ಕಣ್ಣು ಬಿಟ್ಕೊಂಡು ಹೇಳಿದ್ರೆ ಕೇಳ್ಸಲ್ವಾ?" ಎಂದರು ಮಾಲೀಕರು. ಅವತ್ತಿನಿಂದ ಕಣ್ಣು ಬಿಟ್ಟೇ ಪ್ರಾರ್ಥಿಸುತ್ತೇನೆ. ಇಲ್ಲಿ ಆರಾಧನೆಯಲ್ಲೂ ಅದೇ ರೂಢಿಯಾಗಿದೆ. ಯಾರ್‍ಯಾರು ಪ್ರಾರ್ಥನೆಯ ಹೊತ್ತಿನಲ್ಲಿ ಫೋನು ನೋಡುತ್ತಾರೆ ಎಂಬುದು ನನಗೆ ಗೊತ್ತಿದೆ, ಹೆಸರು ಹೇಳುವುದಿಲ್ಲ.

ಕಾರಿನ ಮುಂದೆ 'ಹೆದರಬೇಡ' ಎಂಬ ಸ್ಟಿಕ್ಕರ್ ಅಂಟಿಸಿದ್ದೇನೆ. ಅದು ಕಲಿಯುವವರ ಕಡೆಗೆ ತಿರುಗಿದೆ. ನಾನು ಕೂರುವ ಕಡೆಯಿಂದ ಕಾಣುವುದಿಲ್ಲ.

ನಮ್ಮ ಹಳೆಯ ಡ್ರೈವರ್ ಅಣ್ಣನಿಗೆ ಕಣ್ಣು ಮಂಜಾದ ಮೇಲೆ ಸೇತುವೆಯ ಆಚೆಯ ಮಕ್ಕಳು ಸಂಡೇ ಸ್ಕೂಲಿಗೆ ಬರುವುದೇ ನಿಂತುಹೋಯಿತು. ಹಿರಿಯರು ಮೊದಲು ನನ್ನನ್ನೇ ಕೇಳಿದರು. ನಾನು ಸೊಂಟನೋವು ಎಂದೆ. ನನ್ನ ಮನೆಯವರು ಪಕ್ಕದಲ್ಲೇ ಇದ್ದರು. ಮನೆಗೆ ಬಂದು ಚಪ್ಪಲಿ ಬಿಡುತ್ತಲೇ, "ನಂಗೆ ಕಲಿಸ್ರೀ" ಎಂದರು.

ಕಲಿಸಿದೆ. ಇವರಷ್ಟು ಚೆನ್ನಾಗಿ ಕೈ ಕೂತವರನ್ನು ನಾನು ನೋಡಿಲ್ಲ. ಆದರೂ ಪರೀಕ್ಷೆಯಲ್ಲಿ ಎರಡು ಸಲ ಫೇಲಾದರು. ಯಾಕೆ? ನಮ್ಮಲ್ಲಿ ಪರೀಕ್ಷೆ ಮಾಡುವ ಅಧಿಕಾರಿ ಹಿಂದೆ ಕೂರುತ್ತಾರೆ, ಕಲಿಸಿದವನು ಪಕ್ಕದಲ್ಲಿ. ಕಲಿಸಿದವನು ಬ್ರೇಕ್ ಮುಟ್ಟಿದರೆ ಕಲಿತವರು ಫೇಲು. ಮೊದಲ ಸಲ ಒಂದು ನಾಯಿ ಅಡ್ಡ ಬರುವ ಹಾಗೆ ಕಂಡಿತು. ಬರಲಿಲ್ಲ. ನಾನು ಒತ್ತಿದೆ. ಎರಡನೆಯ ಸಲ ನಾಯಿಯೂ ಇರಲಿಲ್ಲ. ಅವತ್ತು ದಾರಿಯುದ್ದಕ್ಕೂ ನಾನು ಬಾಯಲ್ಲಿ, ಕರ್ತನೇ, ಇವಳ ಕೈಯನ್ನು ನೀನೇ ಹಿಡಿ ಎಂದು ಗೊಣಗುತ್ತಿದ್ದೆ. ಇವರು ಗಾಡಿ ಬದಿಗೆ ನಿಲ್ಲಿಸಿ, ಹಿಂದೆ ಅಧಿಕಾರಿ ಕೂತಿದ್ದಾರೆ ಎಂಬುದನ್ನೂ ನೋಡದೆ ಕೇಳಿದರು: "ಅವನು ಹಿಡಿದಿದಾನೆ ಅಂತೀರಲ್ಲ, ಮತ್ತೆ ನೀವ್ಯಾಕ್ರೀ ಬಿಡ್ತಿಲ್ಲ?"

ಸಭಿಕರೇ, ಎಷ್ಟೋ ಪ್ರಸಂಗ ಕೇಳಿದ್ದೇನೆ. ಅಷ್ಟು ಚಿಕ್ಕ ಪ್ರಸಂಗ ಕೇಳಿರಲಿಲ್ಲ.

ಇದನ್ನು ಹೇಳಬೇಕೆಂದು ಬಂದಿರಲಿಲ್ಲ, ಬಾಯಿಗೆ ಬಂತು, ಹೇಳಿಬಿಡುತ್ತೇನೆ. ನನ್ನ ಅಪ್ಪ ಲಾರಿ ಓಡಿಸುತ್ತಿದ್ದರು. ಶಾಲೆಗೆ ರಜೆ ಇದ್ದರೆ ಪಕ್ಕದಲ್ಲಿ ಕೂರಿಸಿಕೊಂಡು ಹೋಗುತ್ತಿದ್ದರು. ಒಂದು ಇಳಿಜಾರಿನಲ್ಲಿ ಬ್ರೇಕ್ ಹಿಡಿಯಲಿಲ್ಲ. ಅಪ್ಪ ಏನೂ ಕೂಗಾಡಲಿಲ್ಲ, "ಗಟ್ಟಿಯಾಗಿ ಹಿಡ್ಕೋ ಮಗಾ" ಎಂದು ಲಾರಿಯನ್ನು ಮರಳಿನ ಗುಡ್ಡೆಗೆ ತಿರುಗಿಸಿದರು. ನನಗೆ ಒಂದು ಗೀರೂ ಆಗಲಿಲ್ಲ. ಅಪ್ಪನ ಕಾಲು ಹೋಯಿತು. ಏಳನೆಯ ಕ್ಲಾಸಿನ ನಡುವೆ ನಾನು ಶಾಲೆ ಬಿಟ್ಟು ಗ್ಯಾರೇಜಿಗೆ ಸೇರಿದೆ. ಆವತ್ತು ನಾನೂ ಕಾಲು ಒತ್ತುತ್ತಲೇ ಇದ್ದೆ, ಆದರೆ ನನ್ನ ಕಾಲಡಿಯಲ್ಲಿ ಏನೂ ಇರಲಿಲ್ಲ. ದೊಡ್ಡವನಾದ ಮೇಲೆ ಪಕ್ಕದ ಸೀಟಿಗೂ ಬ್ರೇಕ್ ಇರುವ ಕೆಲಸ ಹುಡುಕಿಕೊಂಡದ್ದು ಸುಮ್ಮನೆ ಅಲ್ಲ ಎಂದು ಕಾಣುತ್ತದೆ. ಹಿರಿಯರೇ, ನನ್ನ ಸೊಂಟ ಚೆನ್ನಾಗಿಯೇ ಇದೆ. ಮಕ್ಕಳನ್ನು ಕೂರಿಸಿಕೊಂಡು ಓಡಿಸಲು ನನಗೆ ಭಯ, ಅಷ್ಟೇ.

ಇರಲಿ. ಮೂರನೆಯ ಪರೀಕ್ಷೆಗೆ ಇವರು ನನ್ನ ಸಹೋದ್ಯೋಗಿಯನ್ನು ಪಕ್ಕದಲ್ಲಿ ಕೂರಿಸಿಕೊಂಡರು. ನಾನು ಹೊರಗಿನ ಬೆಂಚಿನಲ್ಲಿ ಕೂತು ಕಣ್ಣು ಬಿಟ್ಟು ಪ್ರಾರ್ಥಿಸಿದೆ, ಕಾಲು ನೆಲ ಒತ್ತುತ್ತಲೇ ಇತ್ತು. ಪಕ್ಕದಲ್ಲಿದ್ದವರು, ಮೂತ್ರಾಲಯ ಆ ಕಡೆ ಇದೆ ಎಂದು ತೋರಿಸಿದರು. ಇವರು ಪಾಸಾಗಿ ಬಂದರು. ನಾನು ಇಲ್ಲದೆ ಪಾಸಾದರು. ನಾನು ಇಲ್ಲದ್ದರಿಂದಲೇ ಪಾಸಾದರು ಎಂದು ಇವರು ತಿದ್ದುತ್ತಾರೆ.

ನಿನ್ನೆ ಸಂಜೆ ಪಾತ್ರೆ ಒರೆಸುತ್ತ ಇವರು ಒಂದು ಮಾತು ಹೇಳಿದರು. ಈ ವ್ಯಾನಿಗೆ ಒಂದೇ ಬ್ರೇಕ್, ಅದು ಡ್ರೈವರ್ ಕಾಲಡಿಯಲ್ಲಿ. "ಕೀ ಕೊಡೋದಾದ್ರೆ ಪೂರ್ತಿ ಕೊಡಿ. ಪಕ್ಕದಲ್ಲಿ ಕೂರ್ತೀನಿ ಅನ್ನೋದಾದ್ರೆ ನೀವೇ ಓಡಿಸ್ಕೊಳ್ಳಿ. ನಾನು ಮುಟ್ಟಲ್ಲ." ನಾನು ಕೀಯನ್ನು ಜೇಬಿಗೆ ಹಾಕಿಕೊಂಡು ಮಲಗಲು ಹೋದೆ. ಆಮೇಲೆ ಆ ಕನಸು. ಈಗ ಇಷ್ಟುದ್ದ ಮಾತಾಡುತ್ತಿರುವುದೂ ಯಾಕೆಂದು ಇವರಿಗೆ ಗೊತ್ತು. ಭಾಷಣ ಮುಗಿಯುವವರೆಗೆ ಕೀ ನನ್ನ ಜೇಬಿನಲ್ಲೇ ಇರುತ್ತದಲ್ಲ!

ನಾವು ವಿಶ್ವಾಸಿಗಳು. ಬೆಳಿಗ್ಗೆ ಎದ್ದು ಎಲ್ಲರ ಫೋನಿಗೂ ವಾಕ್ಯ ಕಳಿಸುತ್ತೇವೆ. ಕಾರಿಗೆ ಸ್ಟಿಕ್ಕರ್ ಅಂಟಿಸುತ್ತೇವೆ. ಪಕ್ಕದ ಮನೆಯವರಿಗೆ ಭರವಸೆ ಇಡಿ ಎನ್ನುತ್ತೇವೆ. ಫೋನಿನೊಳಗಿನ ಹೆಂಗಸು ಎಡಕ್ಕೆ ತಿರುಗಿ ಎಂದರೆ, ಮುಖ ಕೂಡ ನೋಡದೆ ತಿರುಗುತ್ತೇವೆ. ಪಕ್ಕದಲ್ಲಿ ಕೂತ ಹೆಂಡತಿ ತಿರುಗಿಸಿದರೆ ಮಾತ್ರ ಬ್ರೇಕ್ ಒತ್ತುತ್ತೇವೆ. ಇದು ಯಾವ ವಿಶ್ವಾಸ?

ಬನ್ನಿ, ಮೇಲೆ ಬನ್ನಿ. ನಿಧಾನ, ಮೊಣಕಾಲು ಜೋಪಾನ. ಇಗೋ ಕೀ. ಪೂರ್ತಿ ಕೊಟ್ಟಿದ್ದೇನೆ. ನಾಳೆ ಭಾನುವಾರ ಬೆಳಿಗ್ಗೆ ನಾನು ಗೇಟಿನ ಹತ್ತಿರ ನಿಂತು ಕೈ ಬೀಸುತ್ತೇನೆ, ವ್ಯಾನು ಹತ್ತುವುದಿಲ್ಲ. ಆ ಪಕ್ಕದ ಸೀಟಿನಲ್ಲಿ ಯಾವುದಾದರೂ ಮಗು ಬೆಲ್ಟು ಹಾಕಿಕೊಂಡು ಕೂರಲಿ.

ನನ್ನ ವಟವಟ ಸಹಿಸಿಕೊಂಡ ಸಭಾಪಾಲಕರಿಗೆ, ಹಿರಿಯರಿಗೆ, ನನ್ನಿಂದ ಎರಡು ಸಲ ಫೇಲಾಗಿಯೂ ನನ್ನನ್ನು ಮನೆಯಲ್ಲಿ ಇಟ್ಟುಕೊಂಡವರಿಗೆ ಉಪಕಾರ ಹೇಳುತ್ತೇನೆ. ಎಲ್ಲರಿಗೂ ನಮಸ್ಕಾರ.

ಬಾಗಿಲ ಹತ್ತಿರ ಮೈಕ್ ನೋಡಿಕೊಳ್ಳುತ್ತಿರುವ ತಮ್ಮಾ, ಹೊರಗೆ ಹೋಗಿ ವ್ಯಾನಿನ ಹ್ಯಾಂಡ್‌ಬ್ರೇಕ್ ಹಾಕಿದೆಯಾ ಎಂದು ಇನ್ನೊಮ್ಮೆ ನೋಡಿ ಬಾಪ್ಪಾ. ಇವರು ನಿಲ್ಲಿಸಿದ್ದರೆ ಕೇಳುತ್ತಿರಲಿಲ್ಲ. ನಿಲ್ಲಿಸಿದವನು ನಾನು.