ನನ್ನ ದುಡ್ಡೇ ನನಗೆ ಸಾಲ

ಸಭಾಧ್ಯಕ್ಷರಾದ ಡೀಕನ್ ಪರ್ವಿಸ್ ಅವರೇ, ನಮ್ಮ ಪಾದ್ರಿಗಳೇ, ಬೆಥೆಲ್ ಗ್ರೋವ್ ಚರ್ಚಿನ ಪತ್ತಿನ ಸಂಘದ ನಿರ್ದೇಶಕರೇ, ಇಂದು ಸಂಘದ ಸಾಲ ವಿಭಾಗದಿಂದ ನಿವೃತ್ತರಾಗುತ್ತಿರುವ ಮಿಸ್ಟರ್ ಥ್ಯಾಡಿಯಸ್ ಮೋಬ್ಲಿ ಅವರೇ, ಕೆರೊಲಿನಾದ ಈ ಸೆಕೆಯಲ್ಲಿ ಬೀಸಣಿಗೆ ಬೀಸಿಕೊಳ್ಳುತ್ತ, ಒಂದು ಕಣ್ಣು ನನ್ನ ಮೇಲೂ ಇನ್ನೊಂದು ಕಣ್ಣು ಹಿಂದಿನ ಮೇಜಿನ ಕರಿದ ಮೀನಿನ ಮೇಲೂ ಇಟ್ಟು ಕುಳಿತಿರುವ ಸಭಿಕರೇ,

ನಾನು ವರ್ನೆಲ್ ಗ್ಯಾಡ್ಸ್‌ಡನ್. ಪರಿಚಯ ಬೇಕಿಲ್ಲ. ಇಲ್ಲಿರುವ ಹೆಂಗಸರಲ್ಲಿ ಅರ್ಧ ಜನರ ತಲೆ ನನ್ನ ಪಾರ್ಲರಿನಲ್ಲೇ ಪಳಗಿದ್ದು. ಯಾರ ಕೂದಲು ಸ್ವಂತದ್ದು, ಯಾರದ್ದು ಅಲ್ಲ ಎನ್ನುವುದೂ ನನಗೆ ಗೊತ್ತು. ಹೆದರಬೇಡಿ, ಇವತ್ತಿನ ವಿಷಯ ಅದಲ್ಲ.

ಐದು ನಿಮಿಷ ಮಾತಾಡಿ, ಸನ್ಮಾನದ ಫಲಕ ಕೊಟ್ಟು, ಕೂತುಕೊಳ್ಳಿ ಎಂದು ಡೀಕನ್ ಅಪ್ಪಣೆ ಮಾಡಿದ್ದಾರೆ. ನಾನು ಬರೆದು ತಂದದ್ದನ್ನು ಮೊದಲೇ ಓದಿ ಒಪ್ಪಿಯೂ ಇದ್ದಾರೆ. ಆದರೆ ಅದರಲ್ಲಿ ಇಲ್ಲದ ಒಂದು ಪ್ರಶ್ನೆಯನ್ನು ಮಿಸ್ಟರ್ ಮೋಬ್ಲಿ ಅವರಿಗೆ ಕೇಳುವುದಿದೆ. ಕೊನೆಗೆ ಕೇಳುತ್ತೇನೆ, ಧೈರ್ಯ ಉಳಿದಿದ್ದರೆ. ಹಿಂದಿನ ಸಾಲಿನವರು ಈಗಲೇ ಆಮೆನ್ ಅನ್ನಬೇಡಿ.

ಬಂಧುಗಳೇ, ಸಾಲ ಎಂದರೆ ಏನು? ನಮ್ಮಮ್ಮನಿಗೆ ಅದು ಪಾಪದ ಪಕ್ಕದ ಮನೆ. ಅವಳ ದುಡ್ಡು ಕಾಫಿ ಡಬ್ಬಿಯಲ್ಲಿ, ಡಬ್ಬಿ ಫ್ರೀಜರಿನಲ್ಲಿ. ನನ್ನ ಗಂಡ ರೂಫಸ್ ಕೂಡ ಹಾಗೆಯೇ, ಟ್ರಕ್ಕನ್ನೂ ನಗದು ಎಣಿಸಿಕೊಟ್ಟೇ ಮನೆಗೆ ತಂದ. ಅವನು ತೀರಿಕೊಂಡಾಗ ನನ್ನ ತಲೆಯ ಮೇಲೆ ಬಿಡಿಗಾಸಿನ ಸಾಲವಿರಲಿಲ್ಲ. ಅದನ್ನು ಊರೆಲ್ಲ ಹೇಳಿಕೊಂಡು ತಿರುಗಿದೆ.

ಆಮೇಲೆ ನಾನು ಬಾಡಿಗೆಗಿದ್ದ ಮನೆಯನ್ನು, ಮುಂದಿನ ಕೋಣೆಯಲ್ಲಿ ನನ್ನ ಪಾರ್ಲರ್ ಇದ್ದ ಅದೇ ಮನೆಯನ್ನು, ಯಜಮಾನರು ಮಾರಲು ಹೊರಟರು. "ಮೊದಲ ಹಕ್ಕು ನಿಂದೇ ವರ್ನೆಲ್, ಎರಡು ವರ್ಷ ಕಾಯ್ತೀನಿ" ಅಂದರು, ಪುಣ್ಯಾತ್ಮರು. ನಾನು ಪೇಟೆಯ ಬ್ಯಾಂಕಿಗೆ ಹೋದೆ. ಅಲ್ಲಿನ ತರುಣ ಕಂಪ್ಯೂಟರನ್ನು ನೋಡಿದ, ನನ್ನನ್ನು ನೋಡಿದ, ಮತ್ತೆ ಕಂಪ್ಯೂಟರನ್ನು ನೋಡಿದ.

"ಮೇಡಂ, ನೀವು ಇದರಲ್ಲಿ ಕಾಣಿಸ್ತಾನೇ ಇಲ್ಲ."

"ಮಗಾ, ಈ ಕುರ್ಚಿ ತುಂಬ ನಾನೇ ಕೂತಿದ್ದೀನಿ. ಇನ್ನೆಷ್ಟು ಕಾಣಿಸಬೇಕು?"

ಸಾಲವನ್ನೇ ಮಾಡದವರಿಗೆ ಸಾಲ ಹುಟ್ಟುವುದಿಲ್ಲವಂತೆ. ಎಂಥ ನ್ಯಾಯ! ಬಸ್ಸಿನಲ್ಲಿ ಅಳುತ್ತ ಬಂದು, ಕಣ್ಣೊರೆಸಿಕೊಂಡು, ಈ ಸಂಘದ ಬಾಗಿಲು ತಳ್ಳಿದೆ. ಕೌಂಟರಿನಲ್ಲಿ ಇದೇ ಮಿಸ್ಟರ್ ಮೋಬ್ಲಿ ಇದ್ದರು.

"ಮಿಸ್ ವರ್ನೆಲ್, ಐನೂರು ಡಾಲರ್ ನಮ್ಮಲ್ಲಿ ಇಡಿ. ಅದಕ್ಕೆ ಬೀಗ ಹಾಕ್ತೀನಿ. ಅದರ ಆಧಾರದ ಮೇಲೆ ಐನೂರು ಡಾಲರ್ ಸಾಲ ಕೊಡ್ತೀನಿ. ತಿಂಗಳು ತಿಂಗಳು ಕಟ್ಟಿ. ಸಾಲ ತೀರಿದ ದಿನ ಬೀಗ ತೆಗೀತೀನಿ."

"ಅಂದ್ರೆ ನನ್ನ ದುಡ್ಡನ್ನೇ ನನಗೆ ಸಾಲ ಕೊಟ್ಟು, ಮೇಲೆ ಬಡ್ಡಿನೂ ತಗೋತೀರಾ?"

"ಚೂರೇ ಚೂರು."

"ನನ್ನ ತಲೆ ನಾನೇ ಬಾಚ್ಕೊಂಡು ನನಗೇ ಬಿಲ್ ಕೊಟ್ಟ ಹಾಗಾಯ್ತಲ್ರೀ!"

ಅವರು ನಗಲಿಲ್ಲ. "ನೀವು ಜೀವಮಾನವೆಲ್ಲ ಕೊಟ್ಟ ಮಾತು ಉಳಿಸ್ಕೊಂಡೇ ಬಂದಿದ್ದೀರಿ, ಮಿಸ್ ವರ್ನೆಲ್. ಯಾರೂ ನೋಡಿಲ್ಲ, ಅಷ್ಟೇ. ಪ್ರತಿ ಕಂತನ್ನೂ ನಾನು ನೋಡಿ, ಬ್ಯಾಂಕಿನವರೆಲ್ಲ ತೆರೆದು ನೋಡೋ ಸಾಲದ ದಾಖಲೆಗೆ ವರದಿ ಕಳಿಸ್ತೀನಿ" ಅಂದರು.

ರುಜು ಹಾಕಿದೆ. ಆ ರಾತ್ರಿ ಸಾಲಗಾತಿಯಾಗಿ ಹಾಸಿಗೆಯಲ್ಲಿ ಹೊರಳಾಡಿದೆ. ನಮ್ಮಮ್ಮ ಸ್ವರ್ಗದಿಂದ ದುರುಗುಟ್ಟಿ ನೋಡುತ್ತಿದ್ದಳು. ಬೆಳಗಾಗುತ್ತಲೇ ಓಡಿಬಂದು ಐನೂರನ್ನೂ ಕೌಂಟರಿನ ಮೇಲೆ ಬಡಿದು, "ತಗೊಳ್ಳಿ, ಚುಕ್ತಾ!" ಅಂದೆ. ಶಭಾಷ್ ಅನ್ನುತ್ತಾರೆಂದು ಕಾದು ನಿಂತೆ. ಇವರು ಎರಡೂ ಕೈಯಲ್ಲಿ ತಲೆ ಹಿಡಿದುಕೊಂಡರು.

"ಅಯ್ಯೋ ದೇವರೇ! ಒಂದೇ ದಿನದಲ್ಲಿ ತೀರಿಸಿಬಿಟ್ರೆ ನಾನು ವರ್ಷವಿಡೀ ಏನು ವರದಿ ಕಳಿಸಲಿ? ಮೊದಲಿಂದ ಶುರು ಮಾಡಿ. ಈ ಸಲ ನಿಧಾನ. ದಯವಿಟ್ಟು ನಿಧಾನ."

ನಿಧಾನವಾಗಿಯೇ ಕಟ್ಟಿದೆ, ಪ್ರತಿ ತಿಂಗಳು ಐದನೇ ತಾರೀಖು. ಖಾತೆಯಿಂದ ತಾನಾಗಿಯೇ ಕಡಿತವಾಗುವಂತೆ ಮಾಡಿಕೊಡುತ್ತೇನೆ ಅಂದರು, ನಾನು ಬೇಡವೆಂದೆ. ಕೌಂಟರಿಗೇ ಬಂದು ಕಟ್ಟುತ್ತಿದ್ದೆ. ಇವರು ಕನ್ನಡಕದ ಮೇಲಿಂದ ನೋಡಿ "ಹೊತ್ತಿಗೆ ಸರಿಯಾಗಿ ಬಂದ್ರಿ, ಮಿಸ್ ವರ್ನೆಲ್" ಅನ್ನುತ್ತಿದ್ದರು. ವರ್ಷ ಕಳೆದ ಮೇಲೆ ಅದೇ ಬ್ಯಾಂಕಿಗೆ, ಅದೇ ತರುಣನ ಮುಂದೆ ಹೋಗಿ ಕೂತೆ. "ಈಗ ಕಾಣಿಸ್ತಿದ್ದೀರಿ ಮೇಡಂ" ಅಂದ. "ಕನ್ನಡಕ ಬದಲಾಯಿಸಿದೆಯಾ ಮಗಾ?" ಅಂದೆ. ಮನೆ ನನ್ನದಾಯಿತು.

ನನ್ನ ಭಾಷಣ ಇಲ್ಲಿಗೆ ಮುಗಿಯಬೇಕಿತ್ತು. ಡೀಕನ್ ಅವರ ಕೈಯಲ್ಲಿರುವ ಹಾಳೆಯಲ್ಲಿ ಇಲ್ಲಿಗೇ ಮುಗಿದಿದೆ.

ಆದರೆ ಸಾಲ ಮುಗಿಯಲಿಲ್ಲ ನೋಡಿ. ಆಮೇಲೆ ಹೇರ್ ಡ್ರೈಯರಿಗೆ ಸಾಲ ಮಾಡಿದೆ. ಚಾವಣಿಗೆ ಮಾಡಿದೆ. ಕಳೆದ ಸಲ 'ಮನೆ ರಿಪೇರಿ' ಎಂದು ಬರೆದುಕೊಟ್ಟೆ. ಮನೆಯಲ್ಲಿ ಒಂದು ಮೊಳೆಯೂ ಸಡಿಲವಾಗಿರಲಿಲ್ಲ. ಐದನೇ ತಾರೀಖಿನ ಬೆಳಿಗ್ಗೆ ನಾನು ಯಾವ ಗಿರಾಕಿಯನ್ನೂ ಕೂರಿಸುವುದಿಲ್ಲ, ನಿಮಗೆ ಗೊತ್ತು. ಅವತ್ತು ನನ್ನ ತಲೆಯನ್ನೇ ಬಾಚಿಕೊಳ್ಳುವುದಿರುತ್ತದೆ. ಎದುರಿಗೆ ಕೂತ ನನ್ನ ತಂಗಿ ಯೂಲಾ ಮುಖ ಮುಚ್ಚಿಕೊಳ್ಳುತ್ತಿದ್ದಾಳೆ. ಮುಚ್ಚಿಕೋ ಕಣೇ, ನಾನು ಹೇಳುವವಳೇ.

ಇವರ ಹೆಂಡತಿ, ತೀರಿಕೊಂಡ ನಮ್ಮ ಸಿಸ್ಟರ್ ಕೊರೀನ್ ಮೋಬ್ಲಿ ಅವರ ಕೂದಲನ್ನು ನಾನೇ ನೋಡಿಕೊಳ್ಳುತ್ತಿದ್ದೆ. ಕೊನೆಯ ಸಲ, ಶವಪೆಟ್ಟಿಗೆಯಲ್ಲಿ ಮಲಗಿಸುವ ಮೊದಲು ಬಾಚಿದ್ದೂ ನಾನೇ. ಆಕೆ ನನ್ನ ಗೆಳತಿ. ಅದಕ್ಕೇ ಇಷ್ಟು ವರ್ಷ ಬಾಯಿ ಬಿಡಲಿಲ್ಲ. ಕಂತು ಕಟ್ಟಿದೆ, ರಸೀದಿ ತೆಗೆದುಕೊಂಡೆ, ಮನೆಗೆ ಹೋದೆ.

ನಾಳೆಯಿಂದ ಕೌಂಟರಿನಲ್ಲಿ ಇವರಿರುವುದಿಲ್ಲ. ಕಂತನ್ನು ಫೋನಿನಲ್ಲೇ ಕಟ್ಟಬಹುದಂತೆ, ಬಹಳ ಅನುಕೂಲವಂತೆ. ಯಾರಿಗೆ ಅನುಕೂಲ?

ಮಿಸ್ಟರ್ ಮೋಬ್ಲಿ, ಐದನೇ ತಾರೀಖು ಈ ಸಲ ಭಾನುವಾರ ಬಿದ್ದಿದೆ. ಚರ್ಚ್ ಮುಗಿಸಿಕೊಂಡು ನಮ್ಮ ಮನೆಗೆ ಊಟಕ್ಕೆ ಬರ್ತೀರಾ? ಇದೇ ನನ್ನ ಪ್ರಶ್ನೆ. ಸಿಹಿಗೆಣಸಿನ ಪೈ ಮಾಡಿರ್ತೀನಿ.

ಏನು, ತಲೆ ಆಡಿಸಿದಿರಾ? ಬೀಸಣಿಗೆ ಅಡ್ಡ ಬಂತು, ಸರಿಯಾಗಿ ಕಾಣಲಿಲ್ಲ. ಇರಲಿ. ಡೀಕನ್, ಫಲಕ ಕೊಡಿ ಕೊಡಿ ಎಂದು ಸನ್ನೆ ಮಾಡಬೇಡಿ. ಫಲಕ ಭಾನುವಾರದವರೆಗೆ ನನ್ನ ಹತ್ತಿರ ಅಡ ಇರುತ್ತದೆ. ಇವರೇ ಬಂದು, ಊಟ ಮಾಡಿ, ಬಿಡಿಸಿಕೊಂಡು ಹೋಗಲಿ. ನಿಧಾನವಾಗಿ ಊಟ ಮಾಡಲಿ. ದಯವಿಟ್ಟು ನಿಧಾನ.

ಮೀನು ಆರುತ್ತಿದ್ದರೂ ತಾಳ್ಮೆಯಿಂದ ಕೇಳಿದ ನಿಮ್ಮೆಲ್ಲರಿಗೂ ವಂದನೆಗಳು. ನಮಸ್ಕಾರ. ಹಿಂದಿನ ಸಾಲಿನವರೇ, ಈಗ ಆಮೆನ್ ಅನ್ನಿ.