ಬಾಯಿ ಮುಚ್ಚದ ಗವಸು

ದೀಪ ಸ್ವಲ್ಪ ಸಣ್ಣ ಮಾಡಿ. ಹಾಂ, ಅಷ್ಟು ಸಾಕು. ಇದು ಎಲ್ಲೋ ಯಾರಿಗೋ ಆಗಿತ್ತಂತೆ ಅನ್ನುವ ಕತೆಯಲ್ಲ. ನಮ್ಮ ಎದುರು ಮನೆಯ ಇರಾಸಿಗೆ ಆದದ್ದು. ಅರ್ಧ ಅವಳು ನನ್ನ ಅಡುಗೆಮನೆಯಲ್ಲಿ ಕೂತು ಹೇಳಿದ್ದು, ಇನ್ನರ್ಧ ನಾನೇ ಕಣ್ಣಾರೆ ಕಂಡದ್ದು.

ಆವತ್ತು ಗುರುವಾರ. ಮೊಂತೆಸ್ ಕ್ಲಾರೋಸ್ ಪಟ್ಟಣದಿಂದ ಬರುವ ಕೊನೆಯ ಬಸ್ಸು ತಡವಾಗಿತ್ತು. ಇರಾಸಿ ಇಳಿದಾಗ ಬೀದಿಯಲ್ಲಿ ಒಂದು ನಾಯಿಯೂ ಇರಲಿಲ್ಲ. ಐದು ತಿಂಗಳ ಬಸುರಿ, ಕೈಯಲ್ಲೊಂದು ಹೊಸ ಖಾಲಿ ಸೂಟ್‌ಕೇಸು. ಆ ಪಟ್ಟಣದಲ್ಲಿ ಅಕ್ಕನ ಮನೆಯ ಹಿಂದಿನ ಕೋಣೆಯನ್ನು ಗೊತ್ತು ಮಾಡಿಕೊಂಡು ಬಂದಿದ್ದಳು. ಶನಿವಾರ ಲಾರಿ ಬರುತ್ತದೆ, ಗಂಡ ಹೆಂಡತಿ ಇಬ್ಬರೂ ಹೊರಡುವುದು, ಮಗು ಅಲ್ಲೇ ಹುಟ್ಟುವುದು. ಅಷ್ಟಾದರೆ ಸಾಕು ಅಂತ ದಾರಿಯುದ್ದಕ್ಕೂ ಲೆಕ್ಕ ಹಾಕುತ್ತಾ ಬಂದವಳಿಗೆ ಬಾವಿಯ ಹತ್ತಿರ ಸೊಂಟ ಹಿಡಿದುಕೊಂಡಿತು. ಸೂಟ್‌ಕೇಸನ್ನು ಬಾವಿಕಟ್ಟೆಯ ಮೇಲಿಟ್ಟು ನಿಂತಳು.

ಇಡಬಾರದಿತ್ತು. ಅದು ಅವಳ ಅತ್ತೆ ದಿನಾ ಸಂಜೆ ಕೂರುತ್ತಿದ್ದ ಜಾಗ.

ಸರ್… ಟಕ್. ಸರ್… ಟಕ್. ಸರ್… ಟಕ್.

ಪಕ್ಕದಲ್ಲೇ. ಇರಾಸಿ ತಿರುಗಿ ನೋಡಲಿಲ್ಲ. ಸೂಟ್‌ಕೇಸನ್ನು ಎಳೆದುಕೊಂಡು ಒಂದೇ ಉಸಿರಿಗೆ ಮನೆ ಸೇರಿದಳು.

ಆ ಸದ್ದು ನಮ್ಮ ಬೀದಿಯವರಿಗೆಲ್ಲ ಗೊತ್ತು. ಅವಳ ಅತ್ತೆ ದೋನಾ ಜುಲ್ಮೀರಾ ಜನ್ಮದಲ್ಲಿ ಅಳತೆಪಟ್ಟಿ ಮುಟ್ಟಿದವಳಲ್ಲ. ಹೆಬ್ಬೆರಳು ಕಿರುಬೆರಳು ಅಗಲಿಸಿ, ಅಂಗೈ ಸರ್ ಅಂತ ಜಾರಿಸಿ, ಉಗುರು ಟಕ್ ಅಂತ ಊರಿ ಗೇಣು ಹಾಕುತ್ತಿದ್ದಳು. ಆಮೇಲೆ ಕ್ರೋಶಾ ಕಡ್ಡಿ, ಬಿಳಿ ದಾರ ಹಿಡಿದು ಕೂತರೆ ಮುಗಿಯಿತು. ಗ್ಯಾಸ್ ಸಿಲಿಂಡರಿಗೆ ನೆರಿಗೆ ಲಂಗ. ಮಿಕ್ಸಿಗೆ ಅಂಗಿ. ಕುರ್ಚಿಯ ನಾಲ್ಕು ಕಾಲಿಗೆ ನಾಲ್ಕು ಕಾಲುಚೀಲ. ಕಮೋಡಿನ ಮುಚ್ಚಳಕ್ಕೂ ಗುಲಾಬಿ ಹೂವಿನ ಗವಸು! "ಅವರ ಮನೇಲಿ ಜಾಸ್ತಿ ಹೊತ್ತು ಅಲ್ಲಾಡ್ದೆ ಕೂತ್ಕೋಬೇಡ್ರಪ್ಪ, ನಿಮಗೂ ಹೆಣೆದುಬಿಡ್ತಾಳೆ" ಅಂತ ನಾವೆಲ್ಲ ನಗುತ್ತಿದ್ದೆವು.

ನಗುತ್ತಿದ್ದವರು ನಾವು, ಆ ಮನೆಯಲ್ಲಿ ಬದುಕಿದವಳು ಇರಾಸಿ. ಗವಸು ಹಾಕಿದ್ದು ಹೊಸಿಲು ದಾಟಬಾರದು ಅನ್ನುವುದು ಮುದುಕಿಯ ಕಟ್ಟಳೆ. ಇರಾಸಿಯ ತಾಯಿ ಕೊಟ್ಟ ರೇಡಿಯೊ ಮದುವೆಯಾದ ವಾರವೇ ಗವಸಿನೊಳಗೆ ಹೋಯಿತು, ಆಮೇಲೆ ಅದು ಅತ್ತೆಯ ರೇಡಿಯೊ. ಗಂಡ ವಾಲ್ದೆಸಿಗೆ ಎರಡು ಸಲ ಹೊರಗೆ ಕೆಲಸ ಸಿಕ್ಕಿತ್ತು. ಎರಡು ಸಲವೂ ತಾಯಿ ಒಂದೊಂದು ಸ್ವೆಟರು ಹೆಣೆದು, "ಹಾಕ್ಕೊಂಡು ಹೋಗು ಮಗಾ" ಅಂದಳು. ಅವನು ಹಾಕಿಕೊಂಡ, ಹೋಗಲಿಲ್ಲ. ಸುಡುಬಿಸಿಲಲ್ಲೂ ಅದನ್ನು ಬಿಚ್ಚುತ್ತಿರಲಿಲ್ಲ. ಇರಾಸಿಗೆ ಆ ಮನೆಯಲ್ಲಿ ಉಸಿರು ಕಟ್ಟುತ್ತಿತ್ತು. ಬಸುರಾದಾಗ ಅತ್ತೆಗೆ ಹೇಳಲೇ ಇಲ್ಲ. ಹೇಳಿದರೆ ಮಾರನೇ ದಿನವೇ ಕಡ್ಡಿ ಹಿಡಿದು ಕೂರುತ್ತಾಳೆ ಅನ್ನುವ ಭಯ.

ಜೂನ್ ತಿಂಗಳಲ್ಲಿ ಮುದುಕಿ ತೀರಿಕೊಂಡಳು. ಕೈಯಲ್ಲಿದ್ದ ಕ್ರೋಶಾ ಕಡ್ಡಿಯನ್ನು ಎಷ್ಟು ಬಿಡಿಸಿದರೂ ಬಿಡಲಿಲ್ಲ. ಹಾಗೇ ಮಣ್ಣು ಮಾಡಿದೆವು. ನಾನು ಹೇಳುತ್ತಿರುವ ಗುರುವಾರ ಬಂದದ್ದು ಅದಾಗಿ ಎರಡು ತಿಂಗಳಿಗೆ.

ಶುಕ್ರವಾರ ಬೆಳಿಗ್ಗೆ ಇರಾಸಿ ಎದ್ದು ಮಂಚದ ಕೆಳಗೆ ಬಗ್ಗಿದಳು. ಸೂಟ್‌ಕೇಸಿಗೆ ಬಿಳಿ ದಾರದ ಗವಸು. ಅಂಚಿಗೆ ಅಂಚು, ಮೂಲೆಗೆ ಮೂಲೆ. ಹಿಡಿಕೆಗೂ ಸೇರಿಸಿ ಹೆಣೆದುಬಿಟ್ಟಿತ್ತು.

"ವಾಲ್ದೆಸಿ… ಏಳು. ಇದನ್ನ ಯಾರು ಹಾಕಿದ್ದು?"

"ಅಮ್ಮ ಹಾಕಿರ್ತಾಳೆ…"

"ನಿಮ್ಮಮ್ಮ ಹೋಗಿ ಎರಡು ತಿಂಗಳಾಯ್ತು ಕಣೋ! ಸೂಟ್‌ಕೇಸು ತಂದಿದ್ದು ನಿನ್ನೆ ರಾತ್ರಿ."

ಅವನು ಎದ್ದು ಕೂತ. ಗವಸಿನ ಮೇಲೆ ನಿಧಾನವಾಗಿ ಕೈಯಾಡಿಸಿದ. "ಎಷ್ಟ್ ಚೆನ್ನಾಗ್ ಕೂತಿದೆ ನೋಡು," ಅಂದ.

ಅವಳು ಸೂಟ್‌ಕೇಸನ್ನು ತಬ್ಬಿಕೊಂಡು ನನ್ನ ಮನೆಗೆ ಬಂದಳು. "ದಾಲ್ವಕ್ಕಾ, ಇದನ್ನ ಬಿಚ್ಚಿಕೊಡು."

ಮೂವತ್ತು ವರ್ಷದಿಂದ ಕ್ರೋಶಾ ಹಾಕುತ್ತಿರುವವಳು ನಾನು. ಕ್ರೋಶಾ ಎಲ್ಲಿಂದಲೋ ಎಳೆದರೆ ಬಿಚ್ಚುವುದಿಲ್ಲ. ಕೊನೆಯ ಗಂಟು ಹುಡುಕಬೇಕು, ಅದನ್ನು ಬಿಡಿಸಿದರೆ ಸರಸರ ಅಂತ ಮೊದಲ ಕುಣಿಕೆಯವರೆಗೂ ಬಂದುಬಿಡುತ್ತದೆ. ನಾನು ತಿರುಗಿಸಿ ಮುರುಗಿಸಿ ನೋಡಿದೆ. ಕನ್ನಡಕ ಹಾಕಿಕೊಂಡು ನೋಡಿದೆ. ಕೊನೆಗೆ ಒಂದು ಮೂಲೆಯಲ್ಲಿ ಬೆರಳಿಗೆ ಸಿಕ್ಕಿತು, ದಾರದ ಅಡಿಯಲ್ಲಿ, ಸಣ್ಣ ಬಟಾಣಿಯಷ್ಟು.

"ಗಂಟು ಒಳಗಡೆ ಇದೆ ಕಣೇ."

"ಅಂದ್ರೆ?"

"ಅಂದ್ರೆ… ಹೆಣೆದೋರು ಒಳಗೆ ಕೂತು ಮುಗಿಸಿದಾರೆ."

ಕತ್ತರಿ ಹಾಕಲು ನನಗೆ ಕೈ ಬರಲಿಲ್ಲ, ಸುಳ್ಳು ಯಾಕೆ ಹೇಳಲಿ. ಇಲ್ಲೇ ಮಲಗು ಅಂದೆ. ಅವಳು ಕೇಳಲಿಲ್ಲ. "ಇನ್ನೊಂದೇ ರಾತ್ರಿ ತಾನೆ ಅಕ್ಕಾ. ಅವನೊಬ್ಬನ್ನೇ ಬಿಟ್ರೆ ಮನಸ್ಸು ಬದಲಾಯಿಸಿಬಿಡ್ತಾನೆ" ಅಂತ ಹೊರಟುಹೋದಳು.

ಆ ರಾತ್ರಿ… ಎಷ್ಟು ಹೊತ್ತೋ ಅವಳಿಗೆ ಗೊತ್ತಿಲ್ಲ. ಕಾಲಿನ ಹೆಬ್ಬೆರಳ ಹತ್ತಿರ ತಣ್ಣಗೆ ಏನೋ ತಾಗಿತು.

ಸರ್… ಟಕ್.

"ಒಂದು," ಅಂತ ಪಿಸುದನಿ.

ಮೀನಖಂಡದ ಮೇಲೆ. ಸರ್… ಟಕ್. "ಎರಡು." ಮೊಣಕಾಲ ಮೇಲೆ. ಸರ್… ಟಕ್. "ಮೂರು." ಇರಾಸಿಗೆ ಕೂಗಬೇಕು, ಬಾಯಿ ಬರುತ್ತಿಲ್ಲ. ಒದೆಯಬೇಕು, ಕಾಲು ಬರುತ್ತಿಲ್ಲ. ಆ ಕೈ ಸೊಂಟದವರೆಗೆ ಬಂತು. ಹೊಟ್ಟೆಯ ಮೇಲೆ ಅಂಗೈ ಜಾರಿತು…

ನಿಂತಿತು.

ಮತ್ತೆ ಹಿಂದಕ್ಕೆ ಬಂತು. ಹೊಟ್ಟೆಯ ಈ ಬದಿಯಿಂದ ಆ ಬದಿಗೆ, ಮೆಲ್ಲಗೆ, ಕಳೆದುಹೋದದ್ದು ಸಿಕ್ಕಿದ ಹಾಗೆ ಸವರಿತು. ಕಿವಿಯ ಹತ್ತಿರವೇ ಮಾತು ಕೇಳಿಸಿತು.

"ಇದಕ್ಕೆ ಬೇರೆ ಬೇಕು."

ಅದನ್ನು ಕೇಳಿದ್ದೇ ಅವಳ ಮೈಗೆ ಜೀವ ಬಂತು. ಎದ್ದು ಕೂತಳು. ಕಾಲು ಮಾತ್ರ ಏಳಲಿಲ್ಲ. ಪಾದದಿಂದ ತೊಡೆಯವರೆಗೆ ಎರಡೂ ಕಾಲು ಸೇರಿಸಿ ಬಿಗಿಯಾಗಿ ಹೆಣೆದಾಗಿತ್ತು.

"ವಾಲ್ದೆಸಿ! ಕಾಲು ಬಿಡಿಸು…"

ಪಕ್ಕದಲ್ಲಿ ಅವನು ಸ್ವೆಟರು ಹಾಕಿಕೊಂಡೇ ಮಲಗಿದ್ದ. "ಚಳಿ ಅಲ್ವಾ ಇರಾ. ಹೊದ್ಕೊಂಡಿರು ಬಿಡು."

ಕತ್ತಲಲ್ಲಿ ಅವಳು ದಾರದ ಸಾಲುಗಳ ಮೇಲೆ ಬೆರಳಾಡಿಸುತ್ತಾ ಹೋದಳು. ಗಂಟು ಒಳಗಿದ್ದರೆ ಗತಿ ಏನು? ಆದರೆ ಗಂಟು ಇನ್ನೂ ಬಿದ್ದಿರಲಿಲ್ಲ. ತೊಡೆಯ ಹತ್ತಿರ ಕುಣಿಕೆ ಬಾಯಿ ತೆರೆದೇ ಇತ್ತು, ಕಡ್ಡಿಯೂ ಅದರಲ್ಲೇ ಇತ್ತು. ತಣ್ಣನೆಯ ಕಡ್ಡಿ, ಅದರ ಮೈಗೆಲ್ಲ ಹಸಿಮಣ್ಣು. ಅದನ್ನು ಕಿತ್ತೆಸೆದು ದಾರ ಹಿಡಿದು ಎಳೆದಳು.

ಸರ್ರ್ರ್ರ್ರ್…

ತೊಡೆ ಬಿಟ್ಟಿತು. ಮೊಣಕಾಲು ಬಿಟ್ಟಿತು. ಪಾದ ಬಿಡುವಷ್ಟರಲ್ಲಿ ಅವಳು ಬಾಗಿಲಲ್ಲಿದ್ದಳು.

"ಬಾ ವಾಲ್ದೆಸಿ, ಹೋಗೋಣ. ನಿನ್ನ ಕಾಲಿಗೆ ಬೀಳ್ತೀನಿ."

"ನೀನು ಹೋಗಿರು. ನಾನು ಶನಿವಾರ ಬರ್ತೀನಿ."

ಆಗಲೇ ಶನಿವಾರವಾಗಿತ್ತು.

ನಾನು ಬಾಗಿಲು ತೆರೆದಾಗ ಬರಿಗಾಲಲ್ಲಿ ನಿಂತಿದ್ದಳು. ಬಲಗಾಲ ಹರಡಿಗೆ ದಾರ ಸುತ್ತಿಕೊಂಡೇ ಇತ್ತು. ಅಲ್ಲಿಂದ ಅದು ಹೊಸಿಲ ಮೇಲೆ ಹಾದು, ಬೀದಿ ದಾಟಿ, ಅವರ ಮನೆಯ ಕತ್ತಲೊಳಗೆ ಹೋಗಿತ್ತು. ಹೋಗಿ ಸುಮ್ಮನೆ ಬಿದ್ದಿರಲಿಲ್ಲ. ಒಂದಿಷ್ಟು ಎಳೆಯುವುದು, ನಿಲ್ಲುವುದು. ಮತ್ತೊಂದಿಷ್ಟು ಎಳೆಯುವುದು, ನಿಲ್ಲುವುದು. ಹೆಣಿಗೆ ಗೊತ್ತಿದ್ದವರಿಗೆ ಅದೇನಂತ ಹೇಳಬೇಕಾಗಿಲ್ಲ. ಆ ತುದಿಯಲ್ಲಿ ಯಾರೋ ಕೂತು ಉಂಡೆ ಸುತ್ತುತ್ತಿದ್ದರು.

ಕತ್ತರಿ ತಂದೆ. ಈ ಸಲ ಕತ್ತರಿಸಿದೆ. ದಾರದ ತುದಿ ಹೊಸಿಲಿಂದ ಜಾರಿ ಬೀದಿಯ ಧೂಳಿನಲ್ಲಿ ಸರಿದುಕೊಂಡು ಹೊರಟುಹೋಯಿತು. ಬೆಳಗಿನ ಮೊದಲ ಬಸ್ಸಿಗೆ ನಾನೇ ಅವಳನ್ನು ಹತ್ತಿಸಿ ಬಂದೆ. ಲಾರಿ ಬಂತು, ಖಾಲಿಯೇ ಹೋಯಿತು.

ಮಗು ಡಿಸೆಂಬರಿನಲ್ಲಿ ಹುಟ್ಟಿತು. ಹೆಣ್ಣು, ಲಾವೀನಿಯಾ ಅಂತ ಹೆಸರು, ಈಗ ಐದು ವರ್ಷ. ಕೈಕಾಲು ಗಟ್ಟಿ, ಬಾಯಿ ಅದಕ್ಕಿಂತ ಗಟ್ಟಿ. ಇರಾಸಿ ಇವತ್ತಿನವರೆಗೂ ಮನೆಯಲ್ಲಿ ಒಂದು ಉಂಡೆ ದಾರ ಇಟ್ಟುಕೊಂಡಿಲ್ಲ. ವಾಲ್ದೆಸಿ ಅದೇ ಮನೆಯಲ್ಲಿದ್ದಾನೆ. ನೋಡಿದರೆ ಪಾಪ ಅನ್ನಿಸುತ್ತದೆ. ನಾನು ಆಗಾಗ ಜೋಳದ ಹಿಟ್ಟಿನ ಕೇಕು ಕೊಟ್ಟು ಬರುತ್ತೇನೆ. ಪ್ರತಿ ಸಲವೂ ಅದೇ ಮಾತು, "ಶನಿವಾರ ಹೊರಡ್ಬೇಕು ದಾಲ್ವಕ್ಕಾ."

ಆ ಮನೆಯಲ್ಲಿ ಅತ್ತೆಯ ಕುರ್ಚಿ ಇದೆಯಲ್ಲ, ಅದರ ಮೇಲೆ ಒಂದು ಬಿಳಿ ಗವಸು ಇದೆ. ಚೀಲದ ಹಾಗೆ ಉದ್ದಕ್ಕೆ. ಮಗು ಹುಟ್ಟಿದ ತಿಂಗಳು ನೋಡಿದಾಗ ನನ್ನ ಒಂದು ಮೊಳದಷ್ಟಿತ್ತು. ವರ್ಷ ತುಂಬಿದಾಗ ಇನ್ನಷ್ಟು ಉದ್ದವಾಗಿತ್ತು. ಒಂದು ಸಲ ರೇಗಿ ಅದರಲ್ಲಿ ಸಿಕ್ಕಿಸಿದ್ದ ಕಡ್ಡಿ ಕಿತ್ತು ಪೂರ್ತಿ ಬಿಚ್ಚಿಹಾಕಿ ಬಂದೆ. ಮಾರನೇ ದಿನ ಹೋದರೆ ಅಷ್ಟೇ ಉದ್ದ, ಅದೇ ಕಡ್ಡಿ.

"ಯಾರೋ ಇದನ್ನ ಹೆಣೀತಿರೋದು?" ಅಂತ ಹೋದ ವಾರ ಕೇಳಿದೆ.

ವಾಲ್ದೆಸಿ ತುಟಿಯ ಮೇಲೆ ಬೆರಳಿಟ್ಟ. ಕುರ್ಚಿಯ ಕಡೆ ನೋಡಿದ. "ಶ್… ಎಣಿಕೆ ತಪ್ಪುತ್ತೆ."

ನಾನು ಮನೆಯಿಂದ ಅಳತೆಪಟ್ಟಿ ತಂದು ಅಳೆದೆ. ಗೇಣು ಹಾಕಲಿಲ್ಲ, ಪಟ್ಟಿಯಲ್ಲೇ ಅಳೆದೆ. ಒಂದು ಮೀಟರು, ಏಳು ಸೆಂಟಿಮೀಟರು. ರಾತ್ರಿ ಇರಾಸಿಗೆ ಫೋನು ಮಾಡಿ, ಅದೂ ಇದೂ ಮಾತಾಡಿ, ಮಗು ಎಷ್ಟುದ್ದ ಆಗಿದೆಯೇ ಅಂತ ಕೇಳಿದೆ.

"ಸ್ಕೂಲಲ್ಲಿ ನಿನ್ನೆ ಅಳೆದ್ರಂತೆ ಅಕ್ಕಾ," ಅಂದಳು. "ಒಂದು ಮೀಟರ್ ಏಳು."

ಅವಳಿಗೆ ನಾನು ಏನೂ ಹೇಳಲಿಲ್ಲ, ನೀವೂ ಹೇಳಬೇಡಿ. ನಂಬದಿದ್ದರೆ ನಾಳೆ ಬೆಳಿಗ್ಗೆ ನನ್ನ ಜೊತೆ ಬನ್ನಿ, ಪಟ್ಟಿ ನಾನೇ ಕೊಡುತ್ತೇನೆ, ಅಳೆದು ನೋಡಿ. ಗವಸಿನ ಮೇಲಿನ ಬಾಯಿ ಮಾತ್ರ ಇನ್ನೂ ಮುಚ್ಚಿಲ್ಲ.