ನಲವತ್ತೆಂಟರ ಗೇರ್ ಡಬ್ಬಿ

ನಗೂದಿದ್ರ ಈಗೇ ನಕ್ಕು ಮುಗಿಸಿಬಿಡ್ರಿ. ನಾ ಸುರು ಮಾಡಿದ ಮ್ಯಾಲ ನಗಬ್ಯಾಡ್ರಿ. ಇದು ಎಲ್ಲೋ ಯಾರಿಗೋ ಆದದ್ದಲ್ಲ. ನಮ್ಮ ಚಿಗವ್ವನ ಮಗ ಸಂಗಮೇಶಗ ಆದದ್ದು, ಇಲ್ಲೇ ಕ್ರೋಯ್ಡನ್ನಿನಾಗ. ಕಡೀದು ಮಾತ್ರ ನನ್ನ ಅಡಗಿಮನ್ಯಾಗೇ ಆತು, ನನ್ನ ಕಣ್ಣ ಮುಂದ. ಸೃಷ್ಟಿ, ಆ ಲೈಟ್ ಇರಲಿ ಬಿಡವಾ, ಆರಿಸಬ್ಯಾಡ.

ಎರಡು ಸಾವಿರದ ಒಂದನೇ ಇಸವಿ, ನವೆಂಬರ್ ತಿಂಗಳು. ಗಡಿಯಾರ ಒಂದು ತಾಸು ಹಿಂದ ಸರಿಸಿದ ಮ್ಯಾಲ ಇಲ್ಲಿ ಐದಕ್ಕೇ ಕತ್ತಲಾಗತೈತಿ, ನಿಮಗೂ ಗೊತ್ತು. ಸಂಗ್ಯಾ ಕೆಲಸ ಮುಗಿಸಿ ಟ್ರ್ಯಾಮ್ ಇಳದು ಮನಿಗೆ ನಡಕೊಂತ ಹೊಂಟಿದ್ದ. ಸಣ್ಣ ಹಾದಿ. ಒಂದು ಬಾಜೂ ಟ್ರ್ಯಾಮಿನ ತಂತಿಬೇಲಿ, ಇನ್ನೊಂದು ಬಾಜೂ ಕೌನ್ಸಿಲ್‌ದವರು ಕಾಯಿಪಲ್ಲೆ ಬೆಳಕೋಳಾಕ ಬಾಡಿಗಿಗೆ ಕೊಡೋ ಜಾಗಾ. ನಡುವ ಒಂದು ಹಳೇ ಓಕ್ ಗಿಡ, ನಮ್ಮ ಕಡೆ ಆಲದ ಗಿಡ ಇರತಾವಲ್ಲ, ಅಷ್ಟು ದಪ್ಪ. ಗಿಡದ ಬುಡಕ ಬಂದಾಗ ಹಿಂದ ಸಪ್ಪಳ ಕೇಳಿತು.

ಟಿಕ್… ಟಿಕ್… ಟಿಕ್… … … ಟಿಕ್…

ಪೆಡಲ್ ತುಳೀದೇ ಸೈಕಲ್ ಇಳಿಜಾರಿಗೆ ಬಿಟ್ಟಾಗ ಬರತೈತಲ್ಲ, ಆ ಸಪ್ಪಳ. ಮೂರು ಟಿಕ್. ನಾಲ್ಕನೇದು ಯಾರೋ ನುಂಗಿದಂಗ. ಮತ್ತ ಮೂರು. ಸೈಕಲ್ಲಿನವರಿಗೆ ಹಾದಿ ಬಿಡೋಣಂತ ಸಂಗ್ಯಾ ಬಾಜೂಕ ಸರದ ನಿಂತ. ಯಾರೂ ಮುಂದ ಹೋಗಲಿಲ್ಲ. ತಿರುಗಿ ನೋಡಿದ… ಹಾದಿ ಖಾಲಿ.

ಆ ಸಪ್ಪಳದ ಗುರ್ತು ಅವನಿಗೆ ಹತ್ತಿತು. ಯಾಕಂದ್ರ ಹಂಗ ಒಂದು ಟಿಕ್ ಬಿಟ್ಟು ಸಪ್ಪಳ ಮಾಡೋ ಗೇರ್ ಡಬ್ಬಿ ಅವನಿಗೆ ಗೊತ್ತಿದ್ದಂಗ ಒಂದೇ ಒಂದಿತ್ತು. ಅದು ಅವನ ಶೆಡ್ಡಿನಾಗ, ಕೀಲಿ ಒಳಗ, ಅವನ ಸೈಕಲ್ಲಿಗೇ ಇತ್ತು. ಅದನ್ನ ಹುಡುಕಿ ತಂದ ಮನಷ್ಯಾ ಸತ್ತು ಹನ್ನೆರಡು ದಿನ ಆಗಿತ್ತು.

ಆ ಮನಷ್ಯಾ ಯಾರು ಅಂತ ಹೇಳತೀನಿ. ನಮ್ಮ ಬಾಜೂ ಮನಿ ಮಹಾಲಿಂಗಪ್ಪ ಕಾಕಾ. ಧಾರವಾಡದ ಕಡೆಯವರು, ಇಲ್ಲಿ ಬಸ್ ಗ್ಯಾರೇಜಿನಾಗ ಮೆಕ್ಯಾನಿಕ್ ಆಗಿ ರಿಟೈರ್ ಆದವರು. ನಾ ಲಗ್ನಾಗಿ ಈ ದೇಶಕ್ಕ ಬಂದಾಗ ನನಗ ಹೀಟರ್ ಹಚ್ಚೂದು ಹೆಂಗ ಅನ್ನೂದೂ ಗೊತ್ತಿದ್ದಿಲ್ಲ. ಅವರೂ ಅವರ ಹೆಂಡತಿ ನೀಲವ್ವ ಕಾಕುನೂ ನನ್ನ ಮಗಳಂಗ ನೋಡಕೊಂಡ್ರು. ಕಾಕಾಗ ಒಂದೇ ಹುಚ್ಚು, ಹಳೇ ಸೈಕಲ್. ಜನ ಕಸಕ್ಕ ಒಗದ ತುಕ್ಕು ಹಿಡದ ಸೈಕಲ್ ತರೋರು, ತಿಂಗಳಗಟ್ಟಲೆ ತಿಕ್ಕೋರು, ಐವತ್ತು ವರ್ಷದ ಹಿಂದ ಹೆಂಗಿತ್ತೋ ಹಂಗ ಮಾಡಿ ನಿಂದರಸೋರು. ಮಾರಾಕಲ್ಲ, ಬಹುಮಾನಕ್ಕಲ್ಲ, ಸುಮ್ಮನ ಖುಷಿಗೆ. ಗಾಲಿ ತಿರುಗಿಸಿ ಕಣ್ಣು ಮುಚ್ಚಿ ಕೇಳಿದ್ರ ಸಾಕು, ಒಳಗ ಎಲ್ಲಿ ಸವದೈತಿ ಅಂತ ಹೇಳತಿದ್ರು.

ಸಂಗ್ಯಾನ್ನ ಅವರ ಕಡೆ ಕರಕೊಂಡು ಹೋದಕಿ ನಾನೇ. ಒಬ್ಬನೇ ಇದ್ದ, ರವಿವಾರ ಬ್ಯಾಸರ ಅಂತಿದ್ದ, ಕಾಕಾನ ಕೂಡ ಕುಂದ್ರು ಹೋಗಪಾ ಅಂದೆ. ಕಾಕಾ ಏಳು ವರ್ಷ ಅವನಿಗೆ ಎಲ್ಲಾ ಕಲಿಸಿದ್ರು. ಕಡ್ಡಿ ಹೆಣದು ಗಾಲಿ ಕಟ್ಟೂದು, ಬಣ್ಣದ ಗೆರಿ ಎಳಿಯೂದು, ಮುಚ್ಚಿಡದೇ ಎಲ್ಲಾ ಕಲಿಸಿದ್ರು.

ಇಬ್ಬರ ಕಡೆನೂ ಒಂದೊಂದು ನಲವತ್ತೆಂಟನೇ ಇಸವಿ ಸೈಕಲ್ ಇತ್ತು. ಎರಡಕ್ಕೂ ಒಂದೇ ಕೊರತೆ. ಹಿಂದಿನ ಗಾಲಿ ನಡುವ ಉಕ್ಕಿನ ಡಬ್ಬಿ ಇರತೈತಿ, ಅದರೊಳಗ ಮೂರು ಗೇರ್. ಡಬ್ಬಿ ಮ್ಯಾಲ ಅದು ಹುಟ್ಟಿದ ಇಸವಿ ಕೊರದಿರತಾರ. ಸೈಕಲ್ಲಿನ ಇಸವಿ, ಡಬ್ಬಿ ಇಸವಿ ಒಂದೇ ಇದ್ರೇ ಅದು ಅಸಲಿ. ಆರು ವರ್ಷ ಹುಡುಕಿ ಕಾಕಾ ಒಂದು ನಲವತ್ತೆಂಟರ ಡಬ್ಬಿ ತಂದ್ರು. ತಾವೇ ಬಿಚ್ಚಿ, ತೊಳದು, ಮುಚ್ಚಿದ್ರು. ಒಳಗ ಒಂದು ಹಲ್ಲು ಸವದಿತ್ತು, ಅದಕ್ಕೇ ನಾಲ್ಕನೇ ಟಿಕ್ ಬರತಿದ್ದಿಲ್ಲ. ಓಡಾಕ ಏನೂ ತೊಂದರಿ ಇಲ್ಲ, ಹಂಗೇ ಇರಲಿ ಅಂದ್ರು. ಆ ವರ್ಷ ಅವರಿಗೆ ಕಣ್ಣಾಗ ಪೊರೆ ಬಂದಿತ್ತು. ದಾರಿ ಕಾಣತಿತ್ತು, ಹತ್ತಿರದ ಸಣ್ಣದೇನೂ ಕಾಣತಿದ್ದಿಲ್ಲ. ಅದಕ್ಕ ಗಾಲಿ ಕಟ್ಟಿಕೊಡೋ ಅಂತ ಡಬ್ಬಿ ಸಂಗ್ಯಾನ ಕೈಯಾಗ ಕೊಟ್ಟ್ರು.

ಕೈಯಾಗ ಕೊಟ್ಟ್ರು. ಅಷ್ಟು ನಂಬಿಕಿ.

ದಸರಾ ಮರುದಿನ, ಶನಿವಾರ, ಹಳೇ ಸೈಕಲ್ಲಿನ ಒಂದು ಮೇಳ ಇತ್ತು. ಅಸಲಿ ಸಾಮಾನಿದ್ದವರಿಗೆ ಬಹುಮಾನ. ಸಂಗ್ಯಾ ಏನ ಮಾಡಿದ ಗೊತ್ತೇನು? ನಲವತ್ತೆಂಟರ ಡಬ್ಬಿ ತನ್ನ ಗಾಲಿಗೆ ಹಾಕಿದ. ಕಾಕಾನ ಗಾಲಿಗೆ ತನ್ನ ಕಡೆ ಬಿದ್ದಿದ್ದ ಬ್ಯಾರೆ ಡಬ್ಬಿ ಹಾಕಿ ಕಟ್ಟಿದ. ಅದರ ಗೇರ್ ಒಮ್ಮೊಮ್ಮೆ ಜಾರತಿತ್ತು, ಅವನಿಗೆ ಗೊತ್ತಿತ್ತು. ಎರಡ ದಿನದ ಮಾತು ಅನಕೊಂಡ. ಇಲ್ಲಿ ನಾವೆಲ್ಲಾ ಹಬ್ಬಾನ ಶನಿವಾರ ರವಿವಾರಕ್ಕ ಸರಿಸತೀವಲ್ಲ. ಆ ವರ್ಷ ದಸರಾ ಶುಕ್ರವಾರ ಬಂದಿತ್ತು, ಬನ್ನಿ ಕೊಡೂದು ರವಿವಾರ ಅಂತ ಎಲ್ಲಾರೂ ಮಾತಾಡಿಕೊಂಡಿದ್ವಿ. ಶನಿವಾರ ಮೇಳ ಮುಗಿಸಿ ರಾತ್ರಿ ಡಬ್ಬಿ ಬದಲಿ ಮಾಡಿದ್ರ ಆತು, ರವಿವಾರದ ಮೊದಲ ಕಾಕಾ ಸೈಕಲ್ ಮುಟ್ಟೂದಿಲ್ಲ… ಇದು ಅವನ ಲೆಕ್ಕ.

ಗಾಲಿ ತಂದು ಜೋಡಿಸಿದ್ದು ಗುರುವಾರ, ಖಂಡೇ ಪೂಜಾ, ಅಂದ್ರ ಆಯುಧ ಪೂಜಾ ದಿನ. ಬೇಕಂತಲೇ ಆ ದಿನ. ಕಾಕಾನ ಪಾನಾ, ಸುತ್ತಿಗಿ, ಭೂತಗನ್ನಡಿ, ಎಲ್ಲಾ ದೇವರ ಮುಂದ ಕುಂಕುಮ ಹಚ್ಚಿ ಕುಂದರಿಸಿದ್ರು. ಮರುದಿನದ ತನಕ ಅವನ್ನ ಮುಟ್ಟೋ ಹಂಗಿಲ್ಲ. ಕಾಕಾ ಗಾಲಿ ತಿರುಗಿಸಿ ಕೇಳಿದ್ರು. ಸಪ್ಪಳ ಬ್ಯಾರೆ ಐತಲ್ಲೋ ಸಂಗಣ್ಣ, ಅಂದ್ರು. ಹೊಸಾ ಎಣ್ಣಿ ಹಾಕೀನಿ ಕಾಕಾ, ಅಂದ ಇವ. ಬಿಚ್ಚಿ ನೋಡೋ ಮನಷ್ಯಾ ಅವರು. ಆದ್ರ ಪಾನಾ ಪೂಜಾಕ್ಕ ಕುಂತಿದ್ವು. ನೀ ಕಟ್ಟಿದ ಮ್ಯಾಲ ಏನ್ ನೋಡೂದೈತಿ ಬಿಡು, ಅಂದ್ರು.

ಮರುದಿನ ಶುಕ್ರವಾರ ಸಂಜಿ ಕಾಕಾ ನನ್ನ ಬಾಗಲಿಗೆ ಬಂದ್ರು. ಹೊಸಾ ಧೋತರ ಅಲ್ಲ, ಪ್ಯಾಂಟಿಗೆ ಸೈಕಲ್ ಕ್ಲಿಪ್ ಹಾಕಿದ್ರು. ಹಬ್ಬ ಯಾವತ್ತ ಐತೋ ಅವತ್ತೇ ಮಾಡಬೇಕವಾ, ಸೋಮಾರಿಗಳ ಸಲುವಾಗಿ ದೇವರು ಕಾಯಂಗಿಲ್ಲ, ಅಂತ ನಕ್ಕರು. ಊರಿನಿಂದ ಟಪಾಲಿನಾಗ ಬಂದ ಬನ್ನಿ ಎಲಿ ನನಗ ಕೊಟ್ಟ್ರು. ಒಣಗಿ ಕಂದಾಗಿದ್ವು. ನಾ ತಿರುಗಿ ಕೊಟ್ಟು ಕಾಲಿಗೆ ಬಿದ್ದೆ. ಸಂಗಣ್ಣಗ ಕೊಟ್ಟು ಬರತೀನಿ, ಅವ ಕಟ್ಟಿದ ಗಾಲಿ ಮ್ಯಾಲೇ ಹೋಗತೀನಿ, ಅಂದ್ರು.

ಹೋದ್ರು. ಏರು ದಾರಿಯಾಗ ಎದ್ದು ನಿಂತು ಪೆಡಲ್ ತುಳದಾಗ ಗೇರ್ ಜಾರಿತು. ಬಸ್ ಸ್ಟಾಪಿನಾಗ ನಿಂತವರು ಹೇಳಿದ್ರು, ಖಟ್ ಅಂತು, ಪೆಡಲ್ ಗಾಳಿಯಾಗ ತಿರುಗಿತು, ಅವರು ಬಾಜೂಕ ಬಿದ್ದ್ರು ಅಂತ. ಹಿಂದ ವ್ಯಾನ್ ಬರತಿತ್ತು.

ನೀಲವ್ವ ಕಾಕುಗ ದವಾಖಾನಿಯಿಂದ ವಾಚು ಬಂತು, ಕೋಟು ಬಂತು, ಸೈಕಲ್ ಕ್ಲಿಪ್ ಬಂದ್ವು. ಸಂಗ್ಯಾಗ ಅಂತ ಒಯ್ದಿದ್ದ ಬನ್ನಿ ಮಾತ್ರ ಕಿಸೇದಾಗ ಇದ್ದಿಲ್ಲ.

ಮರುದಿನ ಸಂಗ್ಯಾ ಎಲ್ಲಿದ್ದ? ಮೇಳದಾಗ. ಹೌದು, ಮೇಳದಾಗ. ಹೆಸರು ಕೊಟ್ಟಿದ್ದೆ ಅಂದ. ಒಂದು ಕಪ್ ಗೆದ್ದ. ಸಂಜಿಮುಂದ ಬಂದು ಕಾಕುನ ಮುಂದ ಕುಂತು ಕಣ್ಣೀರು ಹಾಕಿದ. ಅಷ್ಟೂ ಸಾಲದು ಅಂತ ಬಂದವರ ಮುಂದೆಲ್ಲಾ ಹೇಳಿದ, ಕಾಕಾಗ ಕಣ್ಣು ಕಾಣತಿದ್ದಿಲ್ಲ, ಗೇರ್ ಸರಿ ಹಚ್ಚಿರಲಿಕ್ಕಿಲ್ಲ ಅಂತ. ಕಾಕು ನಂಬಿದ್ರು. ಊರ ಮಂದಿ ಸೈಕಲ್ಲೆಲ್ಲಾ ರಿಪೇರಿ ಮಾಡಿದ್ರಿ, ನಿಮ್ಮದು ನೋಡಕೊಳ್ಳಲಿಲ್ಲ, ಅಂತ ಗಂಡನ ಫೋಟೋಕ್ಕ ದಿನಾ ಬೈತಿದ್ರು. ಬಾಜೂ ಮನ್ಯಾಗ ನನಗ ಕೇಳತಿತ್ತು. ಜೀವಮಾನ ಎಲ್ಲಾ ಕೈಕೆಲಸದಾಗ ಒಂದೂ ತಪ್ಪು ಮಾಡದ ಮನಷ್ಯಾಗ, ಸತ್ತ ಮ್ಯಾಲ ಆ ಹೆಸರು ಬಂತು.

ಈಗ ಆ ಓಕ್ ಗಿಡದ ಕಡೆ ಬರ್ರಿ. ಸಪ್ಪಳ ಕೇಳಿ ಸಂಗ್ಯಾ ಓಡಿದ. ಸೀದಾ ಶೆಡ್ಡಿಗೆ. ಕೀಲಿ ಹಾಕಿದ್ದು ಹಾಕಿದಂಗಿತ್ತು. ತಗದ. ಸೈಕಲ್ ಸ್ಟ್ಯಾಂಡಿನ ಮ್ಯಾಲ ನಿಂತಿತ್ತು. ಹಿಂದಿನ ಟೈರು ಹಸಿ ಆಗಿತ್ತು. ಅದಕ್ಕೊಂದು ಓಕ್ ಎಲಿ ಅಂಟಿತ್ತು.

ಎರಡನೇ ಸಂಜಿ ಆ ಹಾದಿ ಬಿಟ್ಟು ದೊಡ್ಡ ರಸ್ತೆದಾಗ ಬಂದ. ಲೈಟು, ಬಸ್ಸು, ಮಂದಿ. ಅಲ್ಲೂ ಬಂತು… ಟಿಕ್… ಟಿಕ್… ಟಿಕ್… … … ಬೆನ್ನ ಹಿಂದೇ ಬಂದು ನಿಂತಿತು. ಬ್ರೇಕು ಕಿರ್ರ್ ಅಂತು. ಸ್ಟ್ಯಾಂಡ್ ಖಟಕ್ ಅಂತು. ಆಮ್ಯಾಲ ಕಿವಿ ಹತ್ತಿರ, ಸಣ್ಣ ದನಿ.

"ಸಂಗಣ್ಣ… ಬನ್ನಿ ತಗೋ."

ಇವ ತಿರುಗಲಿಲ್ಲ. ಮೂರನೇ ಸಂಜಿ ಮನಿ ಬಿಟ್ಟು ಹೊರಗೇ ಬರಲಿಲ್ಲ. ಏಳು ಗಂಟೆಕ್ಕ ಬಾಗಲದಾಗಿನ ಟಪಾಲ್ ಹಾಕೋ ಕಿಂಡಿ ಟಪ್ ಅಂತ ಮ್ಯಾಲೆದ್ದಿತು. ಎದ್ದದ್ದು ಹಂಗೇ ನಿಂತಿತು.

"ಎಷ್ಟೊತ್ತು ಹಿಡಕೊಂಡು ನಿಂದರಲೋ… ತಗೋ."

ಸಂಗ್ಯಾ ಹಿತ್ತಲ ಬಾಗಲಿಂದ ಹೊರಬಿದ್ದು ನನ್ನ ಮನಿಗೆ ಬಂದ. ಕಾಲಾಗ ಬೂಟಿಲ್ಲ. ಅಕ್ಕಾ, ಅಕ್ಕಾ ಅಂತ ಬಾಗಲಾ ಬಡದ. ಅವತ್ತು ಎಲ್ಲಾ ಬಾಯಿಬಿಟ್ಟ. ನಾ ಈಗ ನಿಮಗ ಹೇಳಿದ್ದು ಅವ ಅವತ್ತ ಹೇಳಿದ್ದು. ಕೇಳಿ ಮುಗಿಸಿದ ಮ್ಯಾಲ ನಾ ಅವನ್ನ ಹೊಡದೆ. ಕೈ ನೋಯೋ ತನಕ ಹೊಡದೆ. ನಾ ಕರಕೊಂಡು ಹೋಗಿ ಆ ಮನ್ಯಾಗ ಬಿಟ್ಟ ಹುಡುಗ ಇವ, ನನ್ನ ಮಾರಿ ನೋಡಿ ಒಳಗ ಬಿಟ್ಟಕೊಂಡ್ರು ಅವರು. ನನಗ ಅವ ಕಾಕಾಗಷ್ಟೇ ಅಲ್ಲ, ನನಗೂ ದ್ರೋಹ ಮಾಡಿದ ಅನಿಸಿತು, ಈಗಲೂ ಅನಸತೈತಿ.

ಕಾರಿನಾಗ ಹೋಗಿ ಅವನ ಶೆಡ್ಡಿನಿಂದ ಗಾಲಿ ತಂದ್ವಿ. ಕಾಕಾನ ಡಬ್ಬಿ ಕಾಕಾನ ಮನಿಗೆ ಹೋಗಬೇಕು ಅಂದೆ. ಆದ್ರ ಕಾಕಾನ ಒಂದು ನೇಮ ಇತ್ತು. ಯಾರದರೇ ಡಬ್ಬಿ ತಿರುಗಿ ಕೊಡೂದಿದ್ರ ಬಿಚ್ಚಿ, ತೊಳದು ಕೊಡಬೇಕು, ಹೊಲಸು ಕೊಡಬಾರದು. ಅಷ್ಟರೇ ಮಾಡು, ಅಂದೆ. ನನ್ನ ಅಡಗಿಮನಿ ಟೇಬಲ್ ಮ್ಯಾಲ ಪೇಪರ್ ಹಾಸಿದೆ. ಗೋಡಂಬಿ ಕರದ ವಾಸನಿ ಇನ್ನೂ ಮನ್ಯಾಗಿತ್ತು, ಅದೂ ನೆನಪೈತಿ. ಸಂಗ್ಯಾ ಬಿಚ್ಚಾಕ ಹತ್ತಿದ. ಕಾಕಾ ಮುಚ್ಚಿದ ಮ್ಯಾಲ ಒಳಗ ಯಾರೂ ಕೈ ಹಾಕಿಲ್ಲ ಅಕ್ಕಾ, ನಾ ಬರೇ ಕಡ್ಡಿ ಹೆಣದೀನಿ, ಅಂದ. ತಿರುಪು ಸಡಲಾತು. ಒಳಗಿನ ಯಂತ್ರ ಎಳದು ಹೊರಗ ತಗದ. ಹಲ್ಲು, ಸ್ಪ್ರಿಂಗು, ಗುಂಡು, ಒಂದೊಂದಾಗಿ ಪೇಪರ್ ಮ್ಯಾಲ ಇಟ್ಟ.

ಒಳಗ ನಡುವ ಬನ್ನಿ ಇತ್ತು.

ಒಂದು ಎಸಳು. ಹಸರು. ಈಗ ಗಿಡದಿಂದ ಮುರಕೊಂಡು ಬಂದಂಗ ಹಸರು. ಕಪ್ಪು ಎಣ್ಣಿ ಸುತ್ತೆಲ್ಲಾ ಇತ್ತು, ಎಲಿಗೆ ಹನಿ ಎಣ್ಣಿ ಹತ್ತಿದ್ದಿಲ್ಲ. ಸಂಗ್ಯಾನ ಕೈಯಾಗಿಂದ ಪಾನಾ ಬಿತ್ತು.

ನಾ ಹೋಗಿ ನೀಲವ್ವ ಕಾಕುನ್ನ ಕರಕೊಂಡು ಬಂದೆ. ಅವರ ಮುಂದ ಇನ್ನೊಮ್ಮೆ ಎಲ್ಲಾ ಹೇಳು ಅಂದೆ. ಹೇಳಿದ. ನೆಲಾ ನೋಡಕೊಂತ ಹೇಳಿದ. ಕಾಕು ಅಳಲಿಲ್ಲ, ಬೈಯಲಿಲ್ಲ. ಒಂದೇ ಮಾತು ಕೇಳಿದ್ರು.

"ಹಂಗಾರ ಅವರು ತಪ್ಪು ಮಾಡಿದ್ದಿಲ್ಲ?"

"ಇಲ್ಲ ಕಾಕು. ನಾ ಮಾಡಿದೆ."

ಕಾಕು ಸೆರಗಿನಿಂದ ಮಾರಿ ಒರಸಿಕೊಂಡ್ರು. ಹದಿನೈದು ದಿನ ಗಂಡಗ ಬೈದದ್ದು ನೆನಪಾಗಿರಬೇಕು. ಆಮ್ಯಾಲ ಪೇಪರ್ ಮ್ಯಾಲಿನ ಬನ್ನಿ ಎತ್ತಿ ಸಂಗ್ಯಾನ ಮುಂದ ಹಿಡದ್ರು.

"ತಗೋ. ನಿನಗ ಅಂತ ತಂದಾರ. ಅವರ ಕೈ ಖಾಲಿ ಆಗಲಿ."

ತಗೊಂಡ. ಆದ್ರ ಬನ್ನಿ ತಗೊಂಡವ ತಿರುಗಿ ಕೊಡಬೇಕಲ್ಲ, ಬಂಗಾರದಂಗ ಇರೋಣ ಅನಬೇಕಲ್ಲ. ಯಾರಿಗೆ ಕೊಡತಾನ? ಎಸಳು ಎರಡು ಮಾಡಿ ಹಿಡಕೊಂಡ. ನನ್ನ ಅಡಗಿಮನ್ಯಾಗ ಕಾಕಾ ದಿನಾ ಬಂದು ಕುಂದರೋ ಒಂದು ಕುರ್ಚಿ ಇತ್ತು, ಕಿಡಕಿ ಬಾಜೂಕ. ಕಡೀಕ ಆ ಕುರ್ಚಿ ಮ್ಯಾಲ ಅರ್ಧ ಎಸಳಿಟ್ಟ. ನೆಲಕ್ಕ ಹಣಿ ಹಚ್ಚಿದ. ಬಂಗಾರದ ಮಾತು ಅವನ ಬಾಯಾಗ ಬರಲಿಲ್ಲ. ಎಲ್ಲಿಂದ ಬರಬೇಕು?

ಆಗ ಹೊರಗ… ನಮ್ಮ ಎರಡು ಮನಿ ನಡುವಿನ ಸಂದಿಯಾಗ…

ಟಿಕ್… ಟಿಕ್… ಟಿಕ್… … … ಟಿಕ್…

ಸಾವಕಾಶ. ಸಂದಿ ದಾಟಿತು. ಕಬ್ಬಿಣದ ಗೇಟು ಕ್ರೀಂ ಅಂತು. ರಸ್ತೆಗೆ ಇಳೀತು. ದೂರ ಹೋತು… ನಿಂತಿತು. ಮೂವರೂ ಕೇಳಿದ್ವಿ. ತಿರುಗಿ ನೋಡಿದ್ರ ಕುರ್ಚಿ ಮ್ಯಾಲ ಎಲಿ ಇಲ್ಲ. ಕಿಡಕಿ ಮುಚ್ಚಿತ್ತು, ಗಾಳಿ ಇದ್ದಿಲ್ಲ.

ಕಾಕಾ ತಗೊಂಡು ಹೋದ್ರು. ಅವರ ಮನಸು ಅವರದು. ಅಲ್ಲಿಂದಾಚೆ ಸಂಗ್ಯಾಗ ಆ ಸಪ್ಪಳ ಕೇಳಿಲ್ಲ. ಸೈಕಲ್ ಮುಟ್ಟೂದು ಬಿಟ್ಟ, ಗೆದ್ದ ಕಪ್ ತಿರುಗಿ ಕೊಟ್ಟ, ಮಂದಿ ಮುಂದ ಸತ್ಯ ಹೇಳಿದ. ಪ್ರತಿ ದಸರಾಕ್ಕ ನನ್ನ ಬಾಗಲಿಗೆ ಬನ್ನಿ ಹಿಡಕೊಂಡು ಬರತಾನ, ಶುಕ್ರವಾರ ಇರಲಿ ಸೋಮವಾರ ಇರಲಿ, ಹಬ್ಬದ ದಿನಾನೇ ಬರತಾನ. ನಾ ಇವತ್ತಿನ ತನಕ ತಗೊಂಡಿಲ್ಲ. ನನ್ನಿಂದ ಆಗೂದಿಲ್ಲ.

ಸುಳ್ಳು ಅನಿಸಿದ್ರ ನೀಲವ್ವ ಕಾಕುನ್ನ ಕೇಳ್ರಿ, ಇನ್ನೂ ಬಾಜೂಕೇ ಅದಾರ. ಬೇಕಾದ್ರ ಡಬ್ಬಿನೂ ತೋರಸತಾರ. ಸಪ್ಪಳ ಕೇಳಿದಾಗ ಅದು ನಮ್ಮ ಮೂವರ ಮುಂದೇ ಇತ್ತು, ಪೇಪರ್ ಮ್ಯಾಲ, ಬಿಚ್ಚಿದ್ದು ಬಿಚ್ಚಿದಂಗ. ಇವತ್ತಿಗೂ ಯಾರೂ ಜೋಡಿಸಿಲ್ಲ.